ಈ ಹಾಲು ದಿನದಂದು ದಲಾಯ ಅವರನ್ನೂ ನೆನೆಯೋಣ



ನವೆಂಬರ್ 26 ಬಂತೆಂದರೆ ಒಕ್ಕೂಟದ ಕಚೇರಿಯಲ್ಲೂ ನಿಮ್ಮ ಊರಿನ ಸಂಘದಲ್ಲೂ ಡಾ. ವರ್ಗೀಸ್ ಕುರಿಯನ್ ಅವರ ಭಾವಚಿತ್ರಕ್ಕೆ ಹೂವಿನ ಹಾರ ಬೀಳುತ್ತದೆ. ಅಂದು ಅವರ ಹುಟ್ಟಿದ ದಿನ. 2014ರಿಂದ ಅದೇ ದಿನವನ್ನು ರಾಷ್ಟ್ರೀಯ ಹಾಲು ದಿನವಾಗಿ ಆಚರಿಸುತ್ತಿದ್ದೇವೆ. ಆ ಹಾರಕ್ಕೆ ಅವರು ಪೂರ್ತಿ ಅರ್ಹರು. ಆದರೆ ಈ ಸಲ ಅವರ ಜೊತೆಗೇ ಇನ್ನೊಂದು ಹೆಸರನ್ನೂ ನೀವು ನೆನೆಯಬೇಕು ಎಂದು ಕೇಳಿಕೊಳ್ಳಲು ಈ ಲೇಖನ ಬರೆಯುತ್ತಿದ್ದೇನೆ. ಆ ಹೆಸರು ಹರಿಚಂದ್ ಮೇಘಾ ದಲಾಯ.

ನಿಮ್ಮಲ್ಲಿ ಹೆಚ್ಚಿನವರು ಈ ಹೆಸರು ಕೇಳಿರಲಿಕ್ಕಿಲ್ಲ. ಅದರಲ್ಲಿ ನಿಮ್ಮ ತಪ್ಪಿಲ್ಲ. ಸಂಘದ ಗೋಡೆಯ ಮೇಲೆ ಅವರ ಚಿತ್ರವಿಲ್ಲ, ನಮ್ಮ ಭಾಷಣಗಳಲ್ಲಿ ಅವರ ಮಾತು ಬರುವುದಿಲ್ಲ. 1963ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಕುರಿಯನ್, ತ್ರಿಭುವನದಾಸ್ ಪಟೇಲ್ ಮತ್ತು ಮುಂಬೈಯ ಹಾಲು ಯೋಜನೆಯ ದಾರಾ ಖುರೋಡಿ ಅವರಿಗೆ. ದಲಾಯ ಆ ಪಟ್ಟಿಯಲ್ಲಿ ಇರಲಿಲ್ಲ. ಆದರೂ ಗುಜರಾತಿನ ಆನಂದ್‌ನಲ್ಲಿ ಹೈನುಗಾರರ ಸಹಕಾರ ಚಳವಳಿ ಬೇರು ಬಿಟ್ಟ ಕಥೆಯನ್ನು ಬಲ್ಲವರು ಮೂವರನ್ನು ಒಟ್ಟಿಗೇ ನೆನೆಯುತ್ತಾರೆ. ತ್ರಿಭುವನದಾಸ್ ಪಟೇಲರು ಹಳ್ಳಿ ಹಳ್ಳಿ ತಿರುಗಿ ರೈತರನ್ನು ಒಗ್ಗೂಡಿಸಿದರು. ಕುರಿಯನ್ ಸಂಸ್ಥೆಯನ್ನು ನಡೆಸಿದರು, ದೊಡ್ಡವರ ಎದುರು ಅದರ ಪರವಾಗಿ ಜಗಳವಾಡಿದರು. ದಲಾಯ ಹಾಲಿನ ಕೆಲಸ ಮಾಡಿದರು. ರೈತರು ತಂದ ಹಾಲು ಕೆಡದೆ, ಚೆಲ್ಲದೆ, ಬೆಲೆಯಾಗಿ ಅವರ ಕೈಗೆ ವಾಪಸ್ ಬರುವ ದಾರಿಯನ್ನು ಯಂತ್ರದ ಬಳಿ ನಿಂತು ಹುಡುಕಿದವರು ಅವರು.

ಆಗಿನ ಕಷ್ಟ ಏನಿತ್ತು?

ಖೇಡಾ ಜಿಲ್ಲೆಯ ಹಾಲು ಒಕ್ಕೂಟ ನೋಂದಣಿಯಾದದ್ದು 1946ರ ಡಿಸೆಂಬರ್ 14ರಂದು. ಅಲ್ಲಿನ ಹಾಲೆಲ್ಲ ಹೆಚ್ಚುಕಡಿಮೆ ಎಮ್ಮೆಯ ಹಾಲು. ಅದು ರೈಲಿನಲ್ಲಿ ಮುಂಬೈಗೆ ಹೋಗುತ್ತಿತ್ತು. ಎಮ್ಮೆ ಸಾಕಿದವರಿಗೆ ಒಂದು ಮಾತು ಗೊತ್ತೇ ಇದೆ. ಮಳೆಗಾಲ ಕಳೆದು ಚಳಿಗಾಲ ಬರುವ ಹೊತ್ತಿಗೆ ಕರು ಹಾಕಿದ ಎಮ್ಮೆಗಳ ಸಂಖ್ಯೆ ಹೆಚ್ಚು, ಹಸಿರು ಮೇವೂ ಹೆಚ್ಚು. ಹಾಲು ಉಕ್ಕಿ ಬರುತ್ತದೆ. ಖೇಡಾದಲ್ಲಿ ಚಳಿಗಾಲದ ಹಾಲು ಬೇಸಿಗೆಯದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಆದರೆ ಮುಂಬೈಯ ಜನ ಚಳಿಗಾಲ ಬಂತೆಂದು ಎರಡು ಲೋಟ ಹೆಚ್ಚು ಕುಡಿಯುವುದಿಲ್ಲವಲ್ಲ. ಅಷ್ಟು ಹಾಲನ್ನು ಕೊಳ್ಳಲು ಆಗದು ಎಂದು ಮುಂಬೈ ಹೇಳುತ್ತಿತ್ತು.

ಆ ಮಾತು ಹಳ್ಳಿಗೆ ಮುಟ್ಟುವಾಗ ಏನಾಗುತ್ತದೆ? ‘ನಾಳೆ ಹಾಲು ತರಬೇಡಿ’ ಎಂದಾಗುತ್ತದೆ. ಇದರ ಸಂಕಟ ಹಾಲು ಕರೆಯುವವರಿಗೇ ಗೊತ್ತು. ಸಂಘ ರಜೆ ಕೊಟ್ಟರೂ ಕೆಚ್ಚಲು ರಜೆ ಕೊಡುವುದಿಲ್ಲ. ಕರೆಯದೆ ಬಿಟ್ಟರೆ ಕೆಚ್ಚಲು ಬಾವು. ಕರೆದರೆ ಹಾಲು ಎಲ್ಲಿಗೆ? ಸಂಘ ಕೊಳ್ಳದಿದ್ದರೆ ಮನೆ ಬಾಗಿಲಿಗೆ ಬರುವ ವ್ಯಾಪಾರಿ ಹೇಳಿದ ಬೆಲೆಗೆ ಕೊಡಬೇಕು. ವರ್ಷದ ಮೂರು ತಿಂಗಳು ಹೀಗಾದರೆ ಉಳಿದ ಒಂಬತ್ತು ತಿಂಗಳು ಕಟ್ಟಿದ ಸಹಕಾರವೆಲ್ಲ ನೀರಿನಲ್ಲಿ ಹೋಮ. ಹಾಗಾಗಿ ಹೆಚ್ಚಾದ ಹಾಲನ್ನು ಕೂಡಿಡುವ ಉಪಾಯ ಸಿಗದಿದ್ದರೆ ಆ ಒಕ್ಕೂಟವೇ ಉಳಿಯುವಂತಿರಲಿಲ್ಲ.

ಉಪಾಯ ಎಂದರೆ ಪುಡಿ. ಹಾಲಿನ ನೀರು ತೆಗೆದು ಪುಡಿ ಮಾಡಿಟ್ಟರೆ ತಿಂಗಳುಗಟ್ಟಲೆ ಇಡಬಹುದು, ಬೇಸಿಗೆಯಲ್ಲಿ ಮತ್ತೆ ಹಾಲು ಮಾಡಬಹುದು. ಕೆನೆ ತೆಗೆದ ನೂರು ಲೀಟರ್ ಹಾಲಿನಿಂದ ಸುಮಾರು 9 ಕೆ.ಜಿ. ಪುಡಿ ಬರುತ್ತದೆ. ಹೊರದೇಶಗಳಲ್ಲಿ ಹಸುವಿನ ಹಾಲಿನ ಪುಡಿ ಆಗಲೇ ಆಗುತ್ತಿತ್ತು. ಎಮ್ಮೆ ಹಾಲಿನದು ಮಾತ್ರ ಆಗದು ಎಂದು ಹೈನುಗಾರಿಕೆಯಲ್ಲಿ ಮುಂದಿದ್ದ ದೇಶಗಳ ತಜ್ಞರು ಹೇಳಿಬಿಟ್ಟಿದ್ದರು.

‘ಆಗದು’ ಎಂದಾಗ

ತಜ್ಞರ ಮಾತು ಪೂರ್ತಿ ಹುಸಿಯೂ ಆಗಿರಲಿಲ್ಲ. ಮನೆಯಲ್ಲಿ ಖೋವಾ ಮಾಡಿದವರು ಇದನ್ನು ಬೇಗ ಗ್ರಹಿಸುತ್ತೀರಿ. ಹಾಲಿನ ನೀರು ಇಂಗುತ್ತ ಬಂದ ಹಾಗೆ ಅದು ತಳ ಹಿಡಿಯುತ್ತದೆ, ಗಂಟುಗಂಟಾಗುತ್ತದೆ, ಬಣ್ಣ ತಿರುಗುತ್ತದೆ. ಹಸುವಿನ ಹಾಲಿನಲ್ಲಿ ಕೊಬ್ಬು ಶೇ 3.5ರಿಂದ 4ರ ಆಸುಪಾಸು ಇದ್ದರೆ ಎಮ್ಮೆಯದರಲ್ಲಿ ಶೇ 6ರಿಂದ 7, ಕೆಲವೊಮ್ಮೆ ಅದಕ್ಕೂ ಮೇಲೆ. ಕೆನೆ ತೆಗೆದ ಮೇಲೂ ಅದರಲ್ಲಿ ಪ್ರೋಟೀನು ಮತ್ತು ಸುಣ್ಣದ ಅಂಶ ಜಾಸ್ತಿ. ಕಾಯಿಸಿ ಗಟ್ಟಿ ಮಾಡುವಾಗ ಹಸುವಿನ ಹಾಲಿಗಿಂತ ಬೇರೆ ರೀತಿ ವರ್ತಿಸುತ್ತದೆ. ಆ ತಜ್ಞರ ನಾಡಿನಲ್ಲಿ ಎಮ್ಮೆಗಳೇ ಇರಲಿಲ್ಲ. ಅವರ ಯಂತ್ರ, ಅವರ ಅಳತೆ, ಅವರ ಪುಸ್ತಕ ಎಲ್ಲವೂ ಹಸುವಿನ ಹಾಲಿಗೆಂದೇ ಆದವು. ಎಮ್ಮೆಯ ಹಾಲನ್ನು ಪುಡಿ ಮಾಡಬೇಕಾದ ಗರಜು ಅವರಿಗೆ ಇರಲಿಲ್ಲ. ಆ ಗರಜು ಇದ್ದದ್ದು ಖೇಡಾದ ರೈತ ಹೆಂಗಸರಿಗೆ.

ದಲಾಯ ಹೈನು ತಂತ್ರಜ್ಞಾನ ಓದಿದವರು. ಅಮೆರಿಕದ ಮಿಷಿಗನ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ಓದುವಾಗ ಕುರಿಯನ್ ಅವರಿಗೆ ಸ್ನೇಹಿತರಾದರು. ಕುರಿಯನ್ ಅವರಿಗಾದರೋ ಮೊದಮೊದಲು ಹಾಲಿನ ವಿಷಯದಲ್ಲಿ ಆಸಕ್ತಿಯೇ ಇರಲಿಲ್ಲ. ಸರ್ಕಾರದ ವಿದ್ಯಾರ್ಥಿವೇತನ ಹೈನು ವಿಷಯಕ್ಕೆ ಸಿಕ್ಕಿತ್ತು, ಅದಕ್ಕಾಗಿ ನಮ್ಮ ಬೆಂಗಳೂರಿನ ಇಂಪೀರಿಯಲ್ ಡೇರಿ ಸಂಸ್ಥೆಯಲ್ಲಿ ಕೆಲವು ತಿಂಗಳ ತರಬೇತಿಯನ್ನೂ ಪಡೆದಿದ್ದರು. ಆದರೆ ಅಮೆರಿಕಕ್ಕೆ ಹೋಗಿ ಮನಸ್ಸಿಟ್ಟು ಓದಿದ್ದು ಲೋಹಗಳ ಶಾಸ್ತ್ರವನ್ನು. 1949ರ ಮೇ 13ರಂದು ಆನಂದ್‌ಗೆ ಬಂದಾಗಲೂ ಸರ್ಕಾರದ ಕರಾರು ಮುಗಿದರೆ ಹೊರಟುಬಿಡಬೇಕು ಎಂದೇ ಅವರಿಗಿತ್ತು. ಪಟೇಲರು ಅವರನ್ನು ಉಳಿಸಿಕೊಂಡರು. ಕುರಿಯನ್ ತಮ್ಮ ಗೆಳೆಯ ದಲಾಯರನ್ನು ಉಳಿಸಿಕೊಂಡರು. ನೋಡಿ ಹೋಗಲೆಂದು ಬಂದ ಗೆಳೆಯ ಆ ಊರಿನವರೇ ಆದರು.

ಎಮ್ಮೆ ಹಾಲನ್ನು ಪುಡಿ ಮಾಡಬಹುದು ಎಂದು ದಲಾಯ ಹೇಳಿದರು. ಮೊದಲು ಸಣ್ಣ ಪ್ರಮಾಣದಲ್ಲಿ ಮಾಡಿ ತೋರಿಸಿದರು. ಈ ಕೆಲಸದ ತಿರುಳು ಹೀಗಿದೆ: ಹಾಲಿನ ಕೆನೆ ತೆಗೆದು, ಗಾಳಿ ತೆಗೆದ ಪಾತ್ರೆಯಲ್ಲಿ ಕಡಿಮೆ ಉರಿಗೇ ಕುದಿಯುವಂತೆ ಮಾಡಿ, ನೀರನ್ನು ಇಂಗಿಸಿ ಗಟ್ಟಿ ಮಾಡುತ್ತಾರೆ. ಆ ಗಟ್ಟಿ ಹಾಲನ್ನು ದೊಡ್ಡ ಕೊಠಡಿಯಂಥ ಯಂತ್ರದೊಳಗೆ ಮಂಜಿನ ಹನಿಯ ಹಾಗೆ ಸಿಂಪಡಿಸುತ್ತಾರೆ. ಒಳಗೆ ಬಿಸಿ ಗಾಳಿ ಬೀಸುತ್ತಿರುತ್ತದೆ. ಹನಿ ಕೆಳಗೆ ಬೀಳುವಷ್ಟರಲ್ಲಿ ನೀರೆಲ್ಲ ಆರಿ ಪುಡಿ ಮಾತ್ರ ಉಳಿಯುತ್ತದೆ. ಎಷ್ಟು ಗಟ್ಟಿ ಮಾಡಬೇಕು, ಎಷ್ಟು ಬಿಸಿ ಇರಬೇಕು, ಹನಿ ಎಷ್ಟು ಸಣ್ಣದಿರಬೇಕು ಎಂಬ ಲೆಕ್ಕ ಎಮ್ಮೆ ಹಾಲಿಗೆ ಬೇರೆ. ಅದನ್ನು ಯಾವ ಪುಸ್ತಕವೂ ಹೇಳಿರಲಿಲ್ಲ, ಮಾಡಿಯೇ ಕಂಡುಕೊಳ್ಳಬೇಕಿತ್ತು.

ಯುನಿಸೆಫ್ ಯಂತ್ರಗಳ ನೆರವು ಕೊಟ್ಟಿತು. ಅದಕ್ಕೆ ಬದಲಾಗಿ ಒಕ್ಕೂಟ ಬಡ ಮಕ್ಕಳಿಗೆ ಉಚಿತವಾಗಿ ಹಾಲು ಕೊಡಲು ಒಪ್ಪಿತು. 1954ರ ನವೆಂಬರಿನಲ್ಲಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಅಡಿಗಲ್ಲು ಹಾಕಿದರು. 1955ರ ಅಕ್ಟೋಬರ್ 31ರಂದು, ಸರ್ದಾರ್ ಪಟೇಲರ ಜನ್ಮದಿನದಂದು, ಪ್ರಧಾನಿ ನೆಹರೂ ಕಾರ್ಖಾನೆ ತೆರೆದರು. ಎಮ್ಮೆ ಹಾಲನ್ನು ಪುಡಿ ಮಾಡುವ ಜಗತ್ತಿನ ಮೊದಲ ಕಾರ್ಖಾನೆ ಅದು, ಅದರ ಒಡೆಯರು ಹಳ್ಳಿಯ ಹಾಲು ಉತ್ಪಾದಕರು. ಪುಡಿಯ ಹಿಂದೆಯೇ ಎಮ್ಮೆ ಹಾಲಿನ ಗಟ್ಟಿ ಹಾಲೂ ಬಂತು. ಎಮ್ಮೆ ಹಾಲಿನಿಂದ ಶಿಶು ಆಹಾರ ಮಾಡುವ ವಿಧಾನವನ್ನು ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಕಂಡುಹಿಡಿದರು, ಅದು ಉತ್ಪಾದನೆಗೆ ಇಳಿದದ್ದು ಅದೇ ಆನಂದ್‌ನಲ್ಲಿ.

ನಮ್ಮ ಕಡೆ ಹೆಚ್ಚಿನ ಹಾಲು ಹಸುವಿನದು, ಇದೆಲ್ಲ ನಮಗೇಕೆ ಎಂದು ನೀವು ಕೇಳಬಹುದು. ಯೋಚಿಸಿ ನೋಡಿ. ಹೆಚ್ಚಾದ ಹಾಲನ್ನು ರೈತರ ಸಂಸ್ಥೆಯೇ ಪುಡಿ ಮಾಡಿ ಇಡಬಲ್ಲದು ಎಂಬ ಧೈರ್ಯ ಈ ದೇಶಕ್ಕೆ ಬಂದದ್ದು ಅಲ್ಲಿಂದ. ಆ ಆನಂದ್ ಮಾದರಿಯಲ್ಲೇ 1970ರ ದಶಕದಲ್ಲಿ ಕರ್ನಾಟಕದ ಹಳ್ಳಿಗಳಲ್ಲೂ ಸಂಘಗಳು ಎದ್ದವು. ಇಂದು ಮಳೆ ಚೆನ್ನಾಗಿ ಆಗಿ ಹಾಲು ಉಕ್ಕಿದಾಗ ಸಂಘ ನಿಮ್ಮ ಕ್ಯಾನನ್ನು ವಾಪಸ್ ಕಳಿಸದೆ ತೆಗೆದುಕೊಳ್ಳುತ್ತದೆ ಎಂದರೆ ಅದರ ಹಿಂದೆ ಎಲ್ಲೋ ಒಂದು ಪುಡಿ ಘಟಕ ಓಡುತ್ತಿರುತ್ತದೆ. 2013ರಲ್ಲಿ ಶುರುವಾದ ಕ್ಷೀರಭಾಗ್ಯದಲ್ಲಿ ನಿಮ್ಮ ಮಕ್ಕಳು, ಮೊಮ್ಮಕ್ಕಳು ಶಾಲೆಯಲ್ಲಿ ಕುಡಿದ ಹಾಲು ಪುಡಿಯಿಂದ ಮಾಡಿದ್ದೇ.

ಹಿಂದೆ ನಿಂತವರು

ದಲಾಯ ಅವರ ಕಥೆಯಲ್ಲಿ ನನಗೆ ಬಹಳ ಹಿಡಿಸುವ ಭಾಗ ಯಂತ್ರದ್ದಲ್ಲ. ಹೊರದೇಶದ ಹೆಸರಾಂತ ತಜ್ಞರು ಒಂದು ಕಡೆ, ಪಕ್ಕದ ಮೇಜಿನ ಗೆಳೆಯ ಇನ್ನೊಂದು ಕಡೆ. ಕುರಿಯನ್ ಗೆಳೆಯನ ಮಾತಿಗೆ ಬೆಲೆ ಕೊಟ್ಟರು. ದಲಾಯ ಆಗುತ್ತದೆ ಅಂದರೆ ಆಗುತ್ತದೆ ಎಂದು ಮಂತ್ರಿಗಳ ಎದುರು, ಅಧಿಕಾರಿಗಳ ಎದುರು ವಾದಿಸಿದರು. ಕುರಿಯನ್ ಅವರ ಹಿಂದೆ ಪಟೇಲರು ನಿಂತರು, ಪಟೇಲರ ಹಿಂದೆ ಎಮ್ಮೆ ಕಟ್ಟಿದ ಸಾವಿರಾರು ಮನೆಗಳು ನಿಂತವು. ಕೆಲಸದ ಮೇಲೆ ಪ್ರಾಣ ಇಟ್ಟುಕೊಂಡ ಮನುಷ್ಯ ಒಬ್ಬನೇ ಎಷ್ಟು ದೂರ ಹೋಗಬಲ್ಲ? ಹಿಂದೆ ಯಾರೂ ಇಲ್ಲದಿದ್ದರೆ ಅವನ ವಿದ್ಯೆ ಅವನಲ್ಲೇ ಉಳಿಯುತ್ತದೆ. ಕೆಲವು ವರ್ಷ ನೋಡಿ ಬೇಸತ್ತು ಬೇರೆ ಕಡೆ ಹೊರಡುತ್ತಾನೆ.

ದಲಾಯ ಹೊರಡಲಿಲ್ಲ. ದಶಕಗಳ ಕಾಲ ಅಲ್ಲೇ ದುಡಿದರು. 2004ರಲ್ಲಿ ತೀರಿಕೊಂಡರು. ಅವರನ್ನು ಹಿಡಿದಿಟ್ಟದ್ದು ಹೆಸರಲ್ಲ ಎಂಬುದು ಸ್ಪಷ್ಟ, ಏಕೆಂದರೆ ಹೆಸರು ಬರಲೇ ಇಲ್ಲ. ಕೆಲಸದ ಪ್ರೀತಿ ಮತ್ತು ತಮ್ಮ ಮಾತನ್ನು ನಂಬುವ ಜೊತೆಗಾರರು, ಇವೆರಡೇ ಅವರನ್ನು ಅಲ್ಲಿ ಉಳಿಸಿದವು ಎಂದು ನಾನು ತಿಳಿದಿದ್ದೇನೆ.

ನಿಮ್ಮ ಊರಿನ ದಲಾಯ ಯಾರು?

ಈಗ ನಿಮ್ಮ ಸಂಘಕ್ಕೆ ಬರೋಣ. ಬೆಳಗಿನ ಜಾವ ನಿಮಗಿಂತ ಮುಂಚೆ ಬಂದು ಬಾಗಿಲು ತೆಗೆಯುವ ಹಾಲು ಪರೀಕ್ಷಕಿ ಇದ್ದಾಳೆ. ರಾಸು ಬೆದೆಗೆ ಬಂದಿದೆ ಎಂದು ಫೋನ್ ಮಾಡಿದರೆ ಡಬ್ಬಿ ಹಿಡಿದು ಬರುವ ಕೃತಕ ಗರ್ಭಧಾರಣೆ ಕಾರ್ಯಕರ್ತ ಇದ್ದಾನೆ. ಕರೆಂಟ್ ಹೋದಾಗ ಜನರೇಟರ್ ಹಾಕಿ ಬಲ್ಕ್ ಮಿಲ್ಕ್ ಕೂಲರ್‌ನ ಹಾಲು 4 ಡಿಗ್ರಿಯಿಂದ ಮೇಲೇರದಂತೆ ಕಾಯುವವನು ಇದ್ದಾನೆ. ಇವರ ಕೆಲಸ ಚೆನ್ನಾಗಿ ನಡೆದರೆ ನಮಗೆ ಗೊತ್ತೇ ಆಗುವುದಿಲ್ಲ. ಕೆಟ್ಟರೆ ಮಾತ್ರ ಗೊತ್ತಾಗುತ್ತದೆ.

ಫ್ಯಾಟ್ ಪರೀಕ್ಷೆಯನ್ನೇ ತೆಗೆದುಕೊಳ್ಳಿ. ಗರ್ಬರ್ ವಿಧಾನದಲ್ಲಿ 10 ಮಿ.ಲೀ. ಆಸಿಡ್, 10.75 ಮಿ.ಲೀ. ಹಾಲು, 1 ಮಿ.ಲೀ. ಅಮೈಲ್ ಆಲ್ಕೋಹಾಲ್ ಹಾಕಬೇಕು. ಹಾಲನ್ನು ಚೆನ್ನಾಗಿ ಕಲಕದೆ ಮೇಲಿನಿಂದ ತೆಗೆದರೆ ಒಂದು ಲೆಕ್ಕ ಬರುತ್ತದೆ, ತಳದಿಂದ ತೆಗೆದರೆ ಇನ್ನೊಂದು. ಈಗ ಯಂತ್ರ ಬಂದಿದೆ, ಅರೆ ನಿಮಿಷದಲ್ಲಿ ಚೀಟಿ ಬರುತ್ತದೆ. ಆದರೆ ಯಂತ್ರವನ್ನೂ ದಿನಾ ತೊಳೆಯಬೇಕು, ಆಗಾಗ ಸರಿಹೊಂದಿಸಬೇಕು. ದಿನಕ್ಕೆ ಹತ್ತು ಲೀಟರ್ ಹಾಕುವ ಮನೆಗೆ ಲೀಟರಿಗೆ ಐವತ್ತು ಪೈಸೆ ತಪ್ಪಿದರೂ ತಿಂಗಳಿಗೆ 150 ರೂಪಾಯಿ. ಆ ಹಣ ಉಳಿಯುವುದೂ ಹೋಗುವುದೂ ಆಕೆಯ ಕೈಯ ಶ್ರದ್ಧೆಯಲ್ಲಿದೆ.

ಕೃತಕ ಗರ್ಭಧಾರಣೆಯೂ ಹಾಗೆಯೇ. ವೀರ್ಯದ ಕಡ್ಡಿಗಳು ದ್ರವ ಸಾರಜನಕದಲ್ಲಿ ಸೊನ್ನೆಗಿಂತ 196 ಡಿಗ್ರಿ ಕೆಳಗೆ ಇರಬೇಕು. ಸಂಜೆ ಬೆದೆ ಕಂಡರೆ ಮರುದಿನ ಬೆಳಿಗ್ಗೆ, ಬೆಳಿಗ್ಗೆ ಕಂಡರೆ ಅದೇ ಸಂಜೆ ಕೊಡಿಸಬೇಕು. ಡಬ್ಬಿಯ ಸಾರಜನಕ ಇಳಿದದ್ದನ್ನು ನೋಡದೆ ಬಿಟ್ಟರೆ, ಅಥವಾ ‘ನಾಳೆ ಬರುತ್ತೇನೆ ಬಿಡಕ್ಕಾ’ ಎಂದುಬಿಟ್ಟರೆ ಹಸು ಗಬ್ಬ ನಿಲ್ಲುವುದಿಲ್ಲ. ಮತ್ತೆ 21 ದಿನ ಕಾಯಬೇಕು. ಆ 21 ದಿನದ ಹಿಂಡಿ, ಬೂಸಾ, ಮೇವು ಎಲ್ಲ ನಿಮ್ಮ ಖರ್ಚು. ಮಳೆಯಲ್ಲಿ ನೆನೆದುಕೊಂಡಾದರೂ ಹೊತ್ತಿಗೆ ಸರಿಯಾಗಿ ಬರುವವನು ನಿಮ್ಮ ಊರಿನಲ್ಲಿದ್ದರೆ ಅವನನ್ನು ಕಳೆದುಕೊಳ್ಳಬೇಡಿ.

ಇನ್ನೊಂದು ಮಾತು, ಸ್ವಲ್ಪ ಖಾರವಾದದ್ದು. ಊರಿನ ದೊಡ್ಡ ಮನೆಯ ಹಾಲಿಗೆ ನೀರು ಬೆರೆತಿದೆ ಎಂದು ಪರೀಕ್ಷಕಿ ಹೇಳಿದ ದಿನ ಏನಾಗುತ್ತದೆ? ಲ್ಯಾಕ್ಟೋಮೀಟರಿಗೆ ದೊಡ್ಡವರು ಚಿಕ್ಕವರು ಎಂದಿಲ್ಲ. ಆದರೆ ಆಕೆಯ ಕೆಲಸ, ಸಂಬಳ ಆಡಳಿತ ಮಂಡಳಿಯ ಕೈಯಲ್ಲಿದೆ. ಸಾಲಿನಲ್ಲಿ ನಿಂತ ನಾವೆಲ್ಲ ‘ನಮಗೇಕೆ ಊರ ಉಸಾಬರಿ’ ಎಂದು ಕ್ಯಾನ್ ತೊಳೆದುಕೊಂಡು ಹೊರಟರೆ ಆಕೆ ಒಂಟಿ. ಮರುದಿನದಿಂದ ಆಕೆಯೂ ಕಣ್ಣುಮುಚ್ಚಿ ಚೀಟಿ ಬರೆಯುತ್ತಾಳೆ. ಅಲ್ಲಿಗೆ ನಷ್ಟ ಯಾರದು? ನೀರು ಬೆರೆಸದೆ ಹಾಲು ತಂದ ನಿಮ್ಮದೇ. ಎಲ್ಲರ ಹಾಲೂ ಒಂದೇ ಕೂಲರಿಗೆ ಸೇರುತ್ತದೆ, ಸಂಘದ ಗುಣಮಟ್ಟ ಇಳಿದರೆ ಒಕ್ಕೂಟದಿಂದ ಸಂಘಕ್ಕೆ ಬರುವ ಹಣವೂ ಇಳಿಯುತ್ತದೆ. ಕುರಿಯನ್ ದಲಾಯರ ಹಿಂದೆ ನಿಂತ ಹಾಗೆ ಆಕೆಯ ಹಿಂದೆ ನಿಲ್ಲಬೇಕಾದವರು ನೀವು, ಸದಸ್ಯೆಯರು.

ಸಭೆಯಲ್ಲಿ ಕೇಳಬೇಕಾದದ್ದು

ನೆನೆಯುವುದು ಎಂದರೆ ಹಾರ ಹಾಕಿ ಚಹಾ ಕುಡಿದು ಬರುವುದಷ್ಟೇ ಆಗಬಾರದು ಎಂಬುದು ನನ್ನ ಅಭಿಪ್ರಾಯ. ಮುಂದಿನ ಸರ್ವ ಸದಸ್ಯರ ಸಭೆಯಲ್ಲಿ ಎದ್ದು ನಿಂತು ಕೆಲವು ಮಾತು ಕೇಳಿ. ನಮ್ಮ ಪರೀಕ್ಷಕಿಗೆ ಕಳೆದ ಸಲ ತರಬೇತಿ ಆದದ್ದು ಯಾವಾಗ? ಆಕೆ ರಜೆ ಹಾಕಿದರೆ ಆ ಕೆಲಸ ಗೊತ್ತಿರುವವರು ಇನ್ನೊಬ್ಬರು ಇದ್ದಾರೆಯೇ? ಸಿಬ್ಬಂದಿಗೆ ಕೊಡುವ ಸಂಬಳದಲ್ಲಿ ಒಂದು ಮನೆ ನಡೆಯುತ್ತದೆಯೇ? ಹಾಲು ತಿರಸ್ಕರಿಸಿದ ವಿಷಯದಲ್ಲಿ ಆಡಳಿತ ಮಂಡಳಿ ಸಿಬ್ಬಂದಿಯ ಪರ ನಿಲ್ಲುತ್ತದೆಯೇ? ಲಾಭ ಹಂಚುವಾಗ ಬೋನಸ್ ಎಷ್ಟು ಎಂದು ಎಲ್ಲರೂ ಕೇಳುತ್ತೇವೆ. ಈ ಪ್ರಶ್ನೆಗಳೂ ನಿಮ್ಮ ಬೋನಸ್ಸಿನದೇ ಪ್ರಶ್ನೆಗಳು.

ಇದನ್ನು ಕೇಳಲು ನಿಮಗೆ ಹಕ್ಕಿರಬೇಕಾದರೆ ಸಂಘದ ಷೇರು ನಿಮ್ಮ ಹೆಸರಿನಲ್ಲಿರಬೇಕು. ಸಗಣಿ ಬಾಚುವವರು, ಹಾಲು ಕರೆಯುವವರು, ಕ್ಯಾನ್ ಹೊರುವವರು ನೀವಾಗಿದ್ದೂ ಪಾಸ್ ಪುಸ್ತಕದಲ್ಲಿ ಯಜಮಾನರ ಹೆಸರಿದ್ದರೆ ಸಭೆಯಲ್ಲಿ ಕೈ ಎತ್ತುವವರು ಅವರೇ. ಮಹಿಳಾ ಸಂಘಗಳಲ್ಲಿ ಈ ತೊಂದರೆ ಇಲ್ಲ. ಉಳಿದ ಸಂಘಗಳ ಅಕ್ಕತಂಗಿಯರು ಇದನ್ನು ಮನೆಯಲ್ಲಿ ಕೂತು ಮಾತಾಡಿ ತೀರ್ಮಾನ ಮಾಡಿಕೊಳ್ಳುವುದು ಒಳ್ಳೆಯದು.

ಸಿಬ್ಬಂದಿ ನಿವೃತ್ತರಾಗುವ ದಿನ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ನಾಲ್ಕು ಒಳ್ಳೆಯ ಮಾತಾಡುವುದು ನಮ್ಮ ಪದ್ಧತಿ. ಅದು ಇರಲಿ. ಆದರೆ ಅದಕ್ಕೆ ಒಂದು ವರ್ಷ ಮುಂಚೆಯೇ ಒಬ್ಬ ಹುಡುಗಿಯನ್ನೋ ಹುಡುಗನನ್ನೋ ಅವರ ಪಕ್ಕದಲ್ಲಿ ಕೂರಿಸಿ. ಮೂವತ್ತು ವರ್ಷ ಹಾಲು ನೋಡಿದವರು ಕ್ಯಾನಿನ ಮುಚ್ಚಳ ತೆಗೆದ ಕೂಡಲೇ ವಾಸನೆಯಲ್ಲೇ ಹುಳಿ ಹಿಡಿದದ್ದನ್ನು ಹೇಳುತ್ತಾರೆ. ಯಾರ ಮನೆಯ ಯಾವ ಹಸುವಿಗೆ ಕೆಚ್ಚಲು ಬಾವಿನ ಚಾಳಿ ಇದೆ ಎಂಬುದು ಅವರಿಗೆ ಬಾಯಿಪಾಠ. ಅದು ಯಾವ ರಿಜಿಸ್ಟರಿನಲ್ಲೂ ಬರೆದಿಲ್ಲ. ಕೇಳಿ ಕಲಿಯದಿದ್ದರೆ ಅವರ ಜೊತೆಗೇ ಹೊರಟುಹೋಗುತ್ತದೆ.

ಹಾಗೆಯೇ ನಿಮ್ಮ ಮನೆಯಲ್ಲಿ ವಿಜ್ಞಾನ ಓದುತ್ತಿರುವ ಮಗಳಿದ್ದರೆ ಆಕೆಗೆ ದಲಾಯರ ಕಥೆ ಹೇಳಿ. ಬೆಂಗಳೂರಿನ ಹೆಬ್ಬಾಳದಲ್ಲಿ ಹೈನು ವಿಜ್ಞಾನ ಕಾಲೇಜು ಇದೆ, ಕಲಬುರಗಿಯ ಕಡೆ ಮಹಾಗಾಂವ್‌ನಲ್ಲೂ ಇದೆ. ಹಾಲಿನ ಕೆಲಸವೆಂದರೆ ಕೊಟ್ಟಿಗೆ ಗುಡಿಸುವುದು ಮಾತ್ರ ಎಂದು ನಮ್ಮ ಮಕ್ಕಳು ತಿಳಿದಿದ್ದಾರೆ. ಅದರಲ್ಲಿ ಇಂಥ ವಿದ್ಯೆಯೂ ಇದೆ, ಆ ವಿದ್ಯೆಯಿಂದ ಲಕ್ಷಾಂತರ ಮನೆಗಳ ಹಾಲು ಚೆಲ್ಲುವುದು ತಪ್ಪಿತು ಎಂದು ಅವರಿಗೆ ತಿಳಿಯಲಿ. ಕೊಟ್ಟಿಗೆಯಲ್ಲಿ ಬೆಳೆದ ಮಗಳು ಆ ಯಂತ್ರದ ಮುಂದೆ ನಿಂತರೆ ನಮ್ಮ ಕಷ್ಟ ಆಕೆಗೆ ಬಿಡಿಸಿ ಹೇಳಬೇಕಾಗುವುದಿಲ್ಲ.

ಈ ನವೆಂಬರ್ 26ರಂದು ಕುರಿಯನ್ ಅವರಿಗೆ ಹಾರ ಹಾಕುವಾಗ ದಲಾಯ ಅವರ ಹೆಸರನ್ನೂ ಗಟ್ಟಿಯಾಗಿ ಹೇಳಿ. ಆಮೇಲೆ ಒಳಗಿನ ಕೋಣೆಯಲ್ಲಿ ಯಂತ್ರ ತೊಳೆಯುತ್ತಿರುವ ನಿಮ್ಮ ಪರೀಕ್ಷಕಿಯನ್ನು ಹೊರಗೆ ಕರೆದು, ಎಲ್ಲರ ಜೊತೆ ಮುಂದಿನ ಸಾಲಿನಲ್ಲಿ ಕೂರಿಸಿ.

ನಿಮ್ಮ ಮನೆಯ ರಾಸುಗಳು ಆರೋಗ್ಯವಾಗಿರಲಿ, ಹಾಲು ಸಮೃದ್ಧಿಯಾಗಲಿ.